ಮಾತಾಡಿದರೆ ಸಾಯುವ ರೇಡಿಯೋ: ಫೀಲ್ಡ್ ಡೇ ದೋಷ ನಿವಾರಣೆ ಕೈಪಿಡಿ

ಮೊದಲು ದೂರು ಏನು ಅಂತ ಹೇಳಿಬಿಡುತ್ತೇನೆ.

ರೇಡಿಯೋ ಆನ್ ಆಗುತ್ತದೆ. ಬೇರೆ ಸ್ಟೇಷನ್‌ಗಳು ಚೆನ್ನಾಗಿಯೇ ಕೇಳಿಸುತ್ತವೆ. ಮೈಕಿನ ಗುಂಡಿ ಒತ್ತಿ ಸುಮ್ಮನೆ ಹಿಡಿದರೂ ಏನೂ ಆಗುವುದಿಲ್ಲ. ಆದರೆ "ಸಿಕ್ಯೂ ಸಿಕ್ಯೂ" (ಯಾರಾದರೂ ಇದ್ದೀರಾ ಅನ್ನುವ ಕರೆ) ಅಂತ ಬಾಯಿ ತೆರೆದ ಕೂಡಲೇ ಡಿಸ್‌ಪ್ಲೇ ಆರಿಹೋಗುತ್ತದೆ. ಬಾಯಿ ಮುಚ್ಚಿದರೆ ಎರಡು ಸೆಕೆಂಡಿನಲ್ಲಿ ಮತ್ತೆ ಎದ್ದು ಕೂರುತ್ತದೆ, ತನಗೇನೂ ಗೊತ್ತೇ ಇಲ್ಲ ಅನ್ನುವ ಹಾಗೆ.

ಇದು ಆಗಿದ್ದು ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್ಬಿನ ಕಳೆದ ಸಲದ ಫೀಲ್ಡ್ ಡೇಯಲ್ಲಿ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿ ಒಳಗೆ ಹೋದರೆ ಸಿಗುವ ಒಂದು ತೆಂಗಿನ ತೋಟ. ವರ್ಷಕ್ಕೊಂದು ಸಲ ಮನೆಯ ಕರೆಂಟು, ಮನೆಯ ಆಂಟೆನಾ ಎಲ್ಲ ಬಿಟ್ಟು ಹೀಗೆ ಬಯಲಿಗೆ ಬರುತ್ತೇವೆ. ಬ್ಯಾಟರಿ ಮೇಲೆ ಸ್ಟೇಷನ್ ಕಟ್ಟಿ ಒಂದು ಹಗಲು ಒಂದು ರಾತ್ರಿ ನಡೆಸುತ್ತೇವೆ. ಅಮೆರಿಕದಲ್ಲಿ ಈ ಪದ್ಧತಿ ಶುರುವಾಗಿದ್ದು 1933ರಲ್ಲಿ, ಅವರು ಜೂನ್ ತಿಂಗಳಲ್ಲಿ ಮಾಡುತ್ತಾರೆ. ಜೂನ್‌ನಲ್ಲಿ ನಮ್ಮ ಕಡೆ ಟಾರ್ಪಾಲಿನ ಕೆಳಗೆ ಕೂತು ಸಿಡಿಲಿನ ಚಟಪಟ ಕೇಳುವುದೇ ಆಗುತ್ತದೆ. ಹಾಗಾಗಿ ನಾವು ಮಳೆ ಮುಗಿದ ಮೇಲೆ ಹೊರಡುತ್ತೇವೆ. ಇದು ಬರೀ ಪಿಕ್ನಿಕ್ ಅಲ್ಲ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್‌ಗಳ ತಂಡವೊಂದು ಮೊದಲೇ ಸ್ಟೇಷನ್ ಕಟ್ಟಿಕೊಂಡು ಕೂತಿತ್ತು. ಫೋನು ಸತ್ತಾಗ ಅಂಡಮಾನಿನ ಸುದ್ದಿ ಹೊರಗೆ ಕಳಿಸುವುದಕ್ಕೆ ಅದು ಕೆಲಸಕ್ಕೆ ಬಂತು. ಅಂಥ ದಿನ ಬ್ಯಾಟರಿ ವೈರು ಕೈ ಕೊಟ್ಟರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಓಡುವುದಕ್ಕೆ ಆಗುವುದಿಲ್ಲ.

ಸರಿ, ನಮ್ಮ ರೇಡಿಯೋ ಸತ್ತಾಗ ನಾವು ಏನು ಮಾಡಿದೆವು? ಆಂಟೆನಾ ಕಡೆಗೆ ಓಡಿದೆವು. ಮೊದಲು ಓಡಿದವನು ನಾನೇ. ಮರ ಹತ್ತುವವರನ್ನು ಕರೆಸಿ, ಡೈಪೋಲ್ (ನಡುವೆ ಕೇಬಲ್ ಜೋಡಿಸಿ ಎರಡು ಕಡೆಗೆ ಕೈ ಚಾಚಿದ ತಂತಿಯ ಆಂಟೆನಾ) ಇಳಿಸಿ, ನಡುವಿನ ಬೆಸುಗೆ ಬಿಚ್ಚಿ ಮತ್ತೆ ಹಾಕಿ, ಮೇಲೆ ಏರಿಸಿ ಕೂತಾಗ ಎರಡು ಗಂಟೆ ಹೋಗಿತ್ತು. ಮೈಕ್ ಹಿಡಿದು "ಸಿಕ್ಯೂ" ಅಂದೆ. ಡಿಸ್‌ಪ್ಲೇ ಆರಿತು.

ಆಂಟೆನಾ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರ ಅನುಮಾನ ಮೊದಲು ಅದರ ಮೇಲೆ. ಮೇಜಿನ ಕೆಳಗೆ ಕತ್ತಲಲ್ಲಿ ಬಿದ್ದಿರುವ ವೈರನ್ನು ಯಾರೂ ಕೇಳುವುದಿಲ್ಲ. ಈ ಕೈಪಿಡಿ ಬರೆಯುತ್ತಿರುವುದು ಆ ವೈರಿನ ಪರವಾಗಿ.

ದೂರನ್ನು ಸರಿಯಾಗಿ ಬರೆದುಕೊಳ್ಳಿ

ಉಪಕರಣ ಮುಟ್ಟುವ ಮೊದಲು ಲಾಗ್ ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಸಾಲು ಬರೆಯಿರಿ. "ರೇಡಿಯೋ ಕೆಲಸ ಮಾಡ್ತಿಲ್ಲ" ಅನ್ನುವುದು ದೂರು ಅಲ್ಲ, ಗೋಳು. ಎಷ್ಟು ವ್ಯಾಟ್‌ನಲ್ಲಿ ಹೀಗಾಗುತ್ತದೆ? ಪವರ್ ಇಳಿಸಿದರೆ? ಗುಂಡಿ ಒತ್ತಿದಾಗಲಾ, ಮಾತಾಡಿದಾಗಲಾ? ಒಂದೇ ಬ್ಯಾಂಡಿನಲ್ಲಾ, ಎಲ್ಲದರಲ್ಲೂನಾ? ತಾನಾಗಿ ವಾಪಸ್ ಬರುತ್ತದಾ, ಇಲ್ಲ ಪ್ಲಗ್ ಕಿತ್ತು ಹಾಕಬೇಕಾ?

ನಮ್ಮ ಉತ್ತರ ಹೀಗಿತ್ತು. 100 ವ್ಯಾಟ್‌ನಲ್ಲಿ ಸಾಯುತ್ತದೆ, 10 ವ್ಯಾಟ್‌ನಲ್ಲಿ ಬದುಕುತ್ತದೆ. ಮಾತಾಡಿದಾಗ ಮಾತ್ರ. ತಾನಾಗಿ ವಾಪಸ್ ಬರುತ್ತದೆ.

ಇಷ್ಟರಲ್ಲೇ ಅರ್ಧ ಉತ್ತರ ಇದೆ. ಎಸ್‌ಎಸ್‌ಬಿ, ಅಂದರೆ ನಾವು ಮಾತಾಡಲು ಬಳಸುವ ಮೋಡ್‌ನಲ್ಲಿ ಗುಂಡಿ ಒತ್ತಿ ಸುಮ್ಮನಿದ್ದರೆ ರೇಡಿಯೋ ಹೆಚ್ಚುಕಮ್ಮಿ ಏನನ್ನೂ ಹೊರಗೆ ಕಳಿಸುವುದಿಲ್ಲ. ದನಿ ಬಿದ್ದಾಗ ಮಾತ್ರ ಪವರ್ ಏರುತ್ತದೆ. ಅದರ ಜೊತೆ ಬ್ಯಾಟರಿಯಿಂದ ಎಳೆಯುವ ಕರೆಂಟೂ ಏರುತ್ತದೆ. 100 ವ್ಯಾಟಿನ ಸೆಟ್ಟು ಪೂರ್ತಿ ದನಿಯಲ್ಲಿ 20 ಆಂಪಿಯರ್ ಆಸುಪಾಸು ಎಳೆಯುತ್ತದೆ. ಹಾಗಾದರೆ ತೊಂದರೆ ಗುಂಡಿಯದ್ದಲ್ಲ, ಮೈಕಿನದ್ದಲ್ಲ, ಪವರಿಗೆ ಸಂಬಂಧಪಟ್ಟದ್ದು.

ಆಂಟೆನಾ ಮೇಲಿನ ಅನುಮಾನವೂ ಇಲ್ಲೇ ಅರ್ಧ ಕಳೆಯಬೇಕಿತ್ತು. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ತಿರುಗಿ ಬರುತ್ತಿದೆ ಅಂತ ತೋರಿಸುವ ಅಂಕಿ, 1ರ ಹತ್ತಿರ ಇದ್ದರೆ ಒಳ್ಳೆಯದು) ಜಾಸ್ತಿಯಾದರೆ ಈಗಿನ ರೇಡಿಯೋಗಳು ತಮ್ಮನ್ನು ಕಾಪಾಡಿಕೊಳ್ಳಲು ಪವರ್ ಇಳಿಸಿಕೊಳ್ಳುತ್ತವೆ. ಡಿಸ್‌ಪ್ಲೇ ಸಮೇತ ಆರಿಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಓಡಿದೆ.

ಡಮ್ಮಿ ಲೋಡ್ ಹಾಕಿ, ದಾರಿ ಎರಡು ಮಾಡಿ

ಪವರ್ ಏರಿದಾಗ ರೇಡಿಯೋ ಸಾಯುವುದಕ್ಕೆ ದೊಡ್ಡ ಕಾರಣಗಳು ಎರಡು. ಒಂದು, ಬ್ಯಾಟರಿಯಿಂದ ಬರುವ ವೋಲ್ಟೇಜ್ ಕುಸಿಯುವುದು. ಇನ್ನೊಂದು, ಆಂಟೆನಾಗೆ ಹೋಗಬೇಕಾದ ಆರ್‌ಎಫ್ (ರೇಡಿಯೋ ತರಂಗದ ಕರೆಂಟು) ಕೋಯಾಕ್ಸಿನ, ಅಂದರೆ ಆಂಟೆನಾ ಕೇಬಲ್ಲಿನ, ಹೊರಮೈ ಹಿಡಿದು ಮೇಜಿಗೇ ವಾಪಸ್ ಬಂದು ರೇಡಿಯೋದೊಳಗಿನ ಕಂಪ್ಯೂಟರಿನ ತಲೆ ಕೆಡಿಸುವುದು. ಪವರ್ ಇಳಿಸಿದರೆ ಎರಡೂ ಮಾಯ. ಆದ್ದರಿಂದ "10 ವ್ಯಾಟ್‌ಗೆ ಇಳಿಸಿದೆ, ಸರಿಹೋಯ್ತು" ಅನ್ನುವುದರಿಂದ ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ.

ಇವೆರಡನ್ನು ಬೇರ್ಪಡಿಸುವುದು ಡಮ್ಮಿ ಲೋಡ್, ಅಂದರೆ ಪವರನ್ನು ಹೊರಗೆ ಬಿಡದೆ ಬಿಸಿಯಾಗಿ ನುಂಗಿಬಿಡುವ ರೆಸಿಸ್ಟರ್. ಆಂಟೆನಾ ಕೇಬಲ್ ಕಿತ್ತು ಅದರ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ ಹಾಕಿ, ಅದೇ 100 ವ್ಯಾಟ್‌ನಲ್ಲಿ ಮಾತಾಡಿ. ಆಗಲೂ ಸತ್ತರೆ ದೋಷ ಬ್ಯಾಟರಿ ಕಡೆ. ಆರಾಮಾಗಿ ನಡೆದರೆ ದೋಷ ಆಂಟೆನಾ ಕಡೆ. ಎರಡು ನಿಮಿಷದ ಕೆಲಸ. ಮರ ಹತ್ತುವುದು ಬೇಡ, ಯಾರಿಗೂ ಕೂಲಿ ಕೊಡುವುದು ಬೇಡ.

ಡಮ್ಮಿ ಲೋಡ್ ಇಲ್ಲ, 100 ವ್ಯಾಟಿನ ಬಲ್ಬು ಹಾಕಲಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇಡ. 230 ವೋಲ್ಟಿನ 100 ವ್ಯಾಟ್ ಬಲ್ಬು ಪೂರ್ತಿ ಉರಿಯುವಾಗ ಅದರ ರೆಸಿಸ್ಟೆನ್ಸ್ 529 ಓಮ್. ತಣ್ಣಗಿದ್ದಾಗ ಅದಕ್ಕಿಂತ ಎಷ್ಟೋ ಕಮ್ಮಿ. ಉರಿ ಏರಿದ ಹಾಗೆ ಬದಲಾಗುತ್ತಲೇ ಇರುತ್ತದೆ. ಜೊತೆಗೆ ಬಲ್ಬು, ಅದರ ವೈರು ಎರಡೂ ಸೇರಿ ಸಣ್ಣ ಆಂಟೆನಾ ಆಗಿಬಿಡುತ್ತವೆ. ಬಿಡಿ ರೆಸಿಸ್ಟರ್‌ಗಳನ್ನು ಎಣ್ಣೆ ಡಬ್ಬಿಯಲ್ಲಿ ಮುಳುಗಿಸಿ ಮನೆಯಲ್ಲೇ ಕಟ್ಟಿದ ಲೋಡ್ ಆದರೂ ಸಾಕು. ಆದರೆ ವೈರ್‌ವೌಂಡ್ ರೆಸಿಸ್ಟರ್ ಬೇಡ, ಅದು ತಂತಿಯ ಸುರುಳಿ, ಆರ್‌ಎಫ್‌ಗೆ ಬರೀ ರೆಸಿಸ್ಟರಿನ ಹಾಗೆ ನಡೆದುಕೊಳ್ಳುವುದಿಲ್ಲ.

ನಾವು ಎರಡು ಗಂಟೆ ತಡವಾಗಿ ಡಮ್ಮಿ ಲೋಡ್ ಹಾಕಿದೆವು. ರೇಡಿಯೋ ಸತ್ತಿತು. ಅಷ್ಟು ಖುಷಿಯಾದದ್ದು ಆ ದಿನ ಅದೊಂದೇ ಸಲ.

ಬ್ಯಾಟರಿ ಕಡೆ: ಅಳೆಯಬೇಕಾದ ಜಾಗ ಎಲ್ಲಿ

ನಮ್ಮ ಬ್ಯಾಟರಿ ಸದಸ್ಯರೊಬ್ಬರ ಮನೆಯ ಯುಪಿಎಸ್‌ನಿಂದ ತಂದದ್ದು. 150 ಆಂಪಿಯರ್-ಅವರ್‌ನ ಟ್ಯೂಬುಲರ್. ಇಬ್ಬರು ಹೊತ್ತು ತರಬೇಕು. "ಬ್ಯಾಟರಿ ಚೆನ್ನಾಗಿದೆ ಸಾರ್, ಈಗ್ತಾನೇ ನೋಡಿದೆ, 12.6 ಇದೆ" ಅಂದ ಕಾಲೇಜು ಹುಡುಗ. ಅವನು ಹೇಳಿದ್ದು ನಿಜ. ಆದರೆ ಅವನು ನೋಡಿದ್ದು ತಪ್ಪು ಹೊತ್ತಲ್ಲಿ, ತಪ್ಪು ಜಾಗದಲ್ಲಿ. ಸುಮ್ಮನೆ ಕೂತ ಬ್ಯಾಟರಿಯ ಟರ್ಮಿನಲ್ ಮೇಲೆ ಮೀಟರ್ ಇಟ್ಟರೆ ಬ್ಯಾಟರಿಯ ವಿಷಯ ಗೊತ್ತಾಗುತ್ತದೆ, ರೇಡಿಯೋದ ವಿಷಯ ಅಲ್ಲ. ರೇಡಿಯೋಗೆ ಏನು ಸಿಗುತ್ತಿದೆ ಅಂತ ತಿಳಿಯಬೇಕಾದರೆ ಅದರ ಬೆನ್ನಿನ ಪ್ಲಗ್ಗಿನಲ್ಲೇ ಅಳೆಯಬೇಕು. ಅದೂ ಪವರ್ ಹೊರಡುವಾಗ.

ಇಲ್ಲಿ ಒಂದು ತೊಡಕಿದೆ. ಮಾತಾಡುತ್ತಾ ಅಳೆದರೆ ಡಿಜಿಟಲ್ ಮೀಟರ್ ನಿಮಗೆ ಸುಳ್ಳು ಹೇಳುತ್ತದೆ. ಮಾತಿನ ಏರಿಳಿತ ಅದಕ್ಕಿಂತ ವೇಗ. ಮೀಟರ್ 11.8 ತೋರಿಸುತ್ತಿರುವಾಗಲೇ ಒಂದು ಜೋರಾದ ಅಕ್ಷರಕ್ಕೆ ವೋಲ್ಟೇಜ್ 9ಕ್ಕೆ ಬಿದ್ದು ಎದ್ದಿರುತ್ತದೆ. ಮುಳ್ಳಿನ ಮೀಟರ್ ಇದ್ದರೆ ಮುಳ್ಳು ಒದ್ದಾಡುವುದಾದರೂ ಕಾಣುತ್ತದೆ. ಅದಕ್ಕೇ ಒಂದೇ ಸಮ ನಿಲ್ಲುವ ಸಿಗ್ನಲ್ ಬೇಕು. ಡಮ್ಮಿ ಲೋಡ್ ಮೇಲೆಯೇ ಸಿಡಬ್ಲ್ಯು (ಮೋರ್ಸ್) ಮೋಡ್‌ಗೆ ಹಾಕಿ, ಪವರ್ 50 ವ್ಯಾಟ್‌ಗೆ ಇಳಿಸಿ, ಕೀ ಒತ್ತಿ ಐದು ಸೆಕೆಂಡ್ ಹಿಡಿಯಿರಿ. ಒಬ್ಬರು ಕೀ ಒತ್ತಲಿ, ಇನ್ನೊಬ್ಬರು ಮೀಟರ್ ಓದಲಿ.

ನಮಗೆ ಸಿಕ್ಕ ಅಂಕಿ ಇವು. ಕ್ಲ್ಯಾಂಪ್ ಮೀಟರ್‌ನಲ್ಲಿ ಕರೆಂಟು 14 ಆಂಪಿಯರ್. ಬ್ಯಾಟರಿ ಟರ್ಮಿನಲ್‌ನಲ್ಲಿ 12.2 ವೋಲ್ಟ್. ರೇಡಿಯೋ ಬೆನ್ನಿನಲ್ಲಿ 10.0. ನಡುವೆ 2.2 ವೋಲ್ಟ್ ಕಾಣೆ.

ಸಾಮಾನ್ಯವಾಗಿ ಈ ರೇಡಿಯೋಗಳ ಕೈಪಿಡಿಯಲ್ಲಿ 13.8 ವೋಲ್ಟ್, ಹೆಚ್ಚುಕಮ್ಮಿ ಶೇಕಡಾ 15 ಅಂತ ಬರೆದಿರುತ್ತದೆ. ಅಂದರೆ ಕೆಳಗಿನ ಮಿತಿ 11.7. ಲೆಡ್ ಆಸಿಡ್ ಬ್ಯಾಟರಿಯ 12.2 ಕೈಗೆ ಸಿಕ್ಕಾಗ ನಮಗೆ ಕಳೆಯಲಿಕ್ಕೆ ಇರುವುದು ಅರ್ಧ ವೋಲ್ಟ್ ಮಾತ್ರ. ನಾವು ಅದರ ನಾಲ್ಕು ಪಟ್ಟು ಕಳೆಯುತ್ತಿದ್ದೆವು.

ಕಾಣೆಯಾದ ವೋಲ್ಟ್ ಎಲ್ಲಿ ಹೋಯಿತು ಅಂತ ಹುಡುಕುವುದು ಈ ಕೆಲಸದ ರುಚಿಯಾದ ಭಾಗ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ ಇಡಿ. ಕ್ಲಿಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದನ್ನು ರೇಡಿಯೋ ಪ್ಲಗ್ಗಿನ ಪ್ಲಸ್‌ಗೆ ಮುಟ್ಟಿಸಿ. ಪ್ಲಸ್‌ನಿಂದ ಪ್ಲಸ್‌ಗೆ. ಕೀ ಒತ್ತಿದಾಗ ಮೀಟರ್ ತೋರಿಸುವುದು ಆ ಒಂದು ವೈರಿನಲ್ಲಿ ಕಳೆದುಹೋದ ವೋಲ್ಟೇಜ್. ಆಮೇಲೆ ಮೈನಸ್‌ನಿಂದ ಮೈನಸ್‌ಗೆ ಹಾಗೇ ಅಳೆಯಿರಿ.

ಪ್ಲಸ್ ಕಡೆ 1.35. ಮೈನಸ್ ಕಡೆ 0.85.

ಎರಡೂ ವೈರು ಒಂದೇ ಉದ್ದ, ಒಂದೇ ದಪ್ಪ. ನಷ್ಟವೂ ಒಂದೇ ಇರಬೇಕಿತ್ತು ಅಲ್ವಾ? ಪ್ಲಸ್‌ನಲ್ಲಿ ಅರ್ಧ ವೋಲ್ಟ್ ಜಾಸ್ತಿ ಹೋಗುತ್ತಿದೆ ಅಂದರೆ ಆ ದಾರಿಯಲ್ಲಿ ಮಾತ್ರ ಇರುವ ಏನೋ ಒಂದು ತಿನ್ನುತ್ತಿದೆ. ನಮ್ಮ ಕೇಬಲ್‌ನಲ್ಲಿ ಪ್ಲಸ್ ಕಡೆ ಮಾತ್ರ ಇದ್ದದ್ದು ಫ್ಯೂಸ್ ಹೋಲ್ಡರ್. ಬೆರಳು ಇಟ್ಟು ನೋಡಿದೆ, ಚುರ್ ಅಂತು. ಬಿಚ್ಚಿದರೆ ಒಳಗಿನ ಹಿತ್ತಾಳೆ ಹಿಡಿ ಕಪ್ಪಗಾಗಿ ಸಡಿಲವಾಗಿತ್ತು. ಫ್ಯೂಸ್ ಚೆನ್ನಾಗಿಯೇ ಇತ್ತು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಮೀಟರ್‌ನಲ್ಲಿ ಬೀಪ್ ಪರೀಕ್ಷೆ ಮಾಡಿದರೆ ಈ ಹೋಲ್ಡರ್ ಈಗಲೂ ಬೀಪ್ ಅನ್ನುತ್ತದೆ. ಬೀಪ್‌ಗೆ ಬೇಕಾಗುವುದು ಒಂದು ಚಿಟಿಕೆ ಕರೆಂಟು. ರೇಡಿಯೋಗೆ ಬೇಕಾಗುವುದು 20 ಆಂಪಿಯರ್. ನೂಲಿನೆಳೆಯಷ್ಟು ತಾಮ್ರ ಉಳಿದಿದ್ದರೂ ಬೀಪ್ ಬರುತ್ತದೆ.

ಇನ್ನು ವೈರು. 1.5 ಚದರ ಮಿಲಿಮೀಟರಿನ ಮನೆ ವೈರಿಂಗ್ ವೈರು, ಬ್ಯಾಟರಿಯಿಂದ ಮೇಜಿಗೆ 5 ಮೀಟರ್. ಆಸಿಡ್ ಬ್ಯಾಟರಿ ಊಟದ ಜಾಗದಿಂದ ದೂರ ಇರಲಿ ಅಂತ ದೂರ ಇಟ್ಟಿದ್ದೆವು. ಈ ದಪ್ಪದ ತಾಮ್ರಕ್ಕೆ ಒಂದು ಮೀಟರಿಗೆ ಸುಮಾರು 12 ಮಿಲಿಓಮ್. ಹೋಗಿ ಬರುವ ದಾರಿ ಸೇರಿದರೆ 10 ಮೀಟರ್, 0.12 ಓಮ್. 20 ಆಂಪಿಯರಿಗೆ 2.4 ವೋಲ್ಟ್ ನಷ್ಟ. ಹೋಲ್ಡರಿನದು 0.7. ಒಟ್ಟು 3.1. ಪೂರ್ತಿ ದನಿಯಲ್ಲಿ ರೇಡಿಯೋಗೆ ಸಿಗುತ್ತಿದ್ದದ್ದು 9 ವೋಲ್ಟ್. ಸಾಯದೆ ಇನ್ನೇನು ಮಾಡೀತು ಪಾಪ.

"ಇದೇ ವೈರಲ್ಲಿ ಮನೇಲಿ ಇಸ್ತ್ರಿ ಪೆಟ್ಟಿಗೆ ಓಡುತ್ತಲ್ಲ ಸಾರ್" ಅಂತ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. 230 ವೋಲ್ಟಿನಲ್ಲಿ ಎರಡು ವೋಲ್ಟ್ ಹೋದರೆ ಇಸ್ತ್ರಿ ಪೆಟ್ಟಿಗೆಗೆ ಗೊತ್ತೂ ಆಗುವುದಿಲ್ಲ. 12ರಲ್ಲಿ ಎರಡು ಹೋದರೆ ಆರನೇ ಒಂದು ಭಾಗ ಹೋಯಿತು. ವೈರು ಬಿಸಿಯಾಗಿ ಕರಗುತ್ತದಾ ಅನ್ನುವುದು ಬೇರೆ ಲೆಕ್ಕ. ವೋಲ್ಟೇಜ್ ತಲುಪುತ್ತದಾ ಅನ್ನುವುದು ಬೇರೆ ಲೆಕ್ಕ.

ಬ್ಯಾಟರಿಯನ್ನು ಮೇಜಿನ ಹತ್ತಿರ ತಂದೆವು. 6 ಚದರ ಮಿಲಿಮೀಟರಿನ ವೈರು 2 ಮೀಟರ್, ಹೊಸ ಫ್ಯೂಸ್ ಹೋಲ್ಡರ್. ಒಬ್ಬರ ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫಯರ್ ಹಾಕಿಸಲು ಜೆ.ಸಿ. ರೋಡಿನಲ್ಲಿ ಕೊಂಡ ಸಾಮಾನು ಹಾಗೇ ಇತ್ತು, ಅದನ್ನೇ ಎತ್ತಿಕೊಂಡೆವು. ಈಗ 20 ಆಂಪಿಯರಿಗೆ ವೈರಿನಲ್ಲಿ ಹೋಗುವುದು ಕಾಲು ವೋಲ್ಟ್. ಫ್ಯೂಸ್ ಯಾವಾಗಲೂ ಬ್ಯಾಟರಿ ತುದಿಯಲ್ಲೇ ಇರಲಿ. ರೇಡಿಯೋ ತುದಿಯಲ್ಲಿಟ್ಟರೆ ನಡುವಿನ ವೈರು ಎಲ್ಲಾದರೂ ಸುಲಿದು ಶಾರ್ಟ್ ಆದಾಗ ಅದನ್ನು ಕಾಪಾಡುವವರು ಯಾರೂ ಇಲ್ಲ. ಈ ಗಾತ್ರದ ಬ್ಯಾಟರಿ ಸ್ಪ್ಯಾನರನ್ನೇ ಕೆಂಪಗೆ ಕಾಯಿಸುತ್ತದೆ.

ಬ್ಯಾಟರಿಯೇ ಕೆಟ್ಟಿದ್ದರೆ ಹೇಗೆ ಗೊತ್ತಾಗುತ್ತದೆ? ಕೀ ಒತ್ತಿದಾಗ ಟರ್ಮಿನಲ್ ಮೇಲೆಯೇ 12.6ರಿಂದ 10.5ಕ್ಕೆ ಬಿದ್ದರೆ ಒಳಗೆ ಒಂದು ಸೆಲ್ ಹೋಗಿದೆ ಅಂತ ಅರ್ಥ. ಬೇರೆ ಬ್ಯಾಟರಿ ತನ್ನಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಲಕ್ಷಣ ಬೇರೆ. ಅದರೊಳಗಿನ ಕಾವಲು ಸರ್ಕ್ಯೂಟಿಗೆ ಕರೆಂಟು ಜಾಸ್ತಿ ಅನ್ನಿಸಿದರೆ ಪೂರ್ತಿ ಬಾಗಿಲು ಹಾಕಿಕೊಳ್ಳುತ್ತದೆ. ವೋಲ್ಟೇಜ್ ಸೊನ್ನೆ. ಎಷ್ಟೋ ಸಲ ರೇಡಿಯೋ ಪ್ಲಗ್ ಕಿತ್ತರೆ ಅಥವಾ ಚಾರ್ಜರ್ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಅದಕ್ಕೇ "ತಾನಾಗಿ ವಾಪಸ್ ಬರುತ್ತದಾ" ಅಂತ ಮೊದಲೇ ಬರೆದುಕೊಳ್ಳಲು ಹೇಳಿದ್ದು. ತಾನಾಗಿ ಎದ್ದರೆ ವೋಲ್ಟೇಜ್ ಕುಸಿತ, ಕಿತ್ತು ಹಾಕಿದರೆ ಮಾತ್ರ ಎದ್ದರೆ ಕಾವಲುಗಾರ.

ಮಾರನೇ ಬೆಳಿಗ್ಗೆ, ಅದೇ ದೂರು, ಬೇರೆ ಕಳ್ಳ

ರಾತ್ರಿ ಪೂರ್ತಿ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಜ್ ಆಸುಪಾಸು) ಚೆನ್ನಾಗಿ ನಡೆಯಿತು. ಬೆಳಿಗ್ಗೆ 20 ಮೀಟರ್ ಬ್ಯಾಂಡಿನ (14 ಮೆಗಾಹರ್ಟ್ಜ್) ಟೇಬಲ್‌ನಿಂದ ಕೂಗು: "ನಮ್ದೂ ಸಾಯ್ತಿದೆ!" ಎಲ್ಲರೂ ಒಟ್ಟಿಗೆ "ವೈರು, ವೈರು" ಅಂದರು. ನಿನ್ನೆ ಆಂಟೆನಾ ಅಂದವರೇ. ನಿನ್ನೆಯ ಉತ್ತರವನ್ನು ಇವತ್ತಿನ ಪ್ರಶ್ನೆಗೆ ಅಂಟಿಸುವುದು ಆಂಟೆನಾ ಕಡೆ ಓಡುವಷ್ಟೇ ದೊಡ್ಡ ತಪ್ಪು. ಡಮ್ಮಿ ಲೋಡ್ ಹಾಕಿದೆವು. 100 ವ್ಯಾಟ್, ಜೋರು ದನಿ, ಏನೂ ಆಗಲಿಲ್ಲ. ಬೆನ್ನಿನಲ್ಲಿ 12 ವೋಲ್ಟ್ ಗಟ್ಟಿಯಾಗಿ ನಿಂತಿದೆ. ಹಾಗಾದರೆ ಇದು ಎರಡನೇ ದಾರಿ.

ಕೋಯಾಕ್ಸಿನ ಹೊರಮೈಯಲ್ಲಿ ಆರ್‌ಎಫ್ ವಾಪಸ್ ಬರುವುದಕ್ಕೆ ಲಕ್ಷಣಗಳು ಬೇರೆ ಇರುತ್ತವೆ. ನೋಡುವುದು ಗೊತ್ತಿದ್ದರೆ ಮೀಟರೇ ಬೇಡ. ಮೈಕಿನ ಲೋಹಕ್ಕೆ ತುಟಿ ತಾಗಿದರೆ ಚುರುಗುಟ್ಟುತ್ತದೆ. ಲಾಗಿಂಗ್ ಲ್ಯಾಪ್‌ಟಾಪಿನ ಮೌಸ್ ಹೆಪ್ಪುಗಟ್ಟುತ್ತದೆ. ಕೇಬಲ್ಲನ್ನು ಕೈಯಲ್ಲಿ ಹಿಡಿದರೆ ಎಸ್‌ಡಬ್ಲ್ಯುಆರ್ ಮೀಟರ್ ಅಲ್ಲಾಡುತ್ತದೆ. ಇದು ನನ್ನ ಮೆಚ್ಚಿನ ಪರೀಕ್ಷೆ. ಕೋಯಾಕ್ಸಿನ ಕೆಲಸವೆಲ್ಲ ಒಳಗೇ ನಡೆಯಬೇಕು. ಹೊರಗೆ ಕೈ ಇಟ್ಟರೆ ಅಂಕಿ ಬದಲಾಗುವುದಾದರೆ ಹೊರಗೂ ಏನೋ ಓಡಾಡುತ್ತಿದೆ ಅಂತ ಅರ್ಥ.

ಕಾರಣ ಹುಡುಕಲು ಹೊರಗೆ ಬಂದು ನಿಂತು ನೋಡಿದರೆ ಸಾಕಾಯಿತು. ಡೈಪೋಲ್ ನಡುವಿನಿಂದ ಕೇಬಲ್ ನೇರ ಕೆಳಗೆ ಇಳಿಯಬೇಕು. ನಮ್ಮದು ಒಂದು ಕೈಯ ಕೆಳಗೇ ಅದರ ಜೊತೆ ಜೊತೆಯಾಗಿ ಹತ್ತು ಅಡಿ ಓಡಿ ಆಮೇಲೆ ಇಳಿದಿತ್ತು. ನೆಲಕ್ಕೆ ಬಂದ ಮೇಲೆ ಬ್ಯಾಟರಿ ವೈರಿನ ಜೊತೆ ಸೇರಿಸಿ ಟೇಪ್ ಸುತ್ತಿದ್ದರು, ಕಾಲಿಗೆ ತೊಡರಬಾರದು ಅಂತ. ಚೆಂದ ಮಾಡಲು ಹೋಗಿ ಆದ ಎಡವಟ್ಟು.

ಕೇಬಲ್ಲನ್ನು ಲಂಬವಾಗಿ ಇಳಿಸಿದೆವು. ಬ್ಯಾಟರಿ ವೈರಿನಿಂದ ಬಿಡಿಸಿದೆವು. ಆಮೇಲೆ ಡೈಪೋಲ್ ನಡುವಿನ ಹತ್ತಿರ ಒಂದು ಚೋಕ್, ಅಂದರೆ ಹೊರಮೈಯ ಆರ್‌ಎಫ್ ತಡೆಯುವ ಸುರುಳಿ, ಹಾಕಿದೆವು. 4 ಇಂಚಿನ ಪಿವಿಸಿ ಪೈಪಿನ ತುಂಡಿನ ಮೇಲೆ ಸುಮಾರು 6 ಮೀಟರ್ ಕೋಯಾಕ್ಸ್, ಪಕ್ಕಪಕ್ಕದಲ್ಲೇ ಸುತ್ತಿದರೆ 16-17 ಸುತ್ತು ಬರುತ್ತದೆ. ಪೈಪನ್ನು ತೋಟದ ಗೌಡ್ರು ಪಂಪ್‌ಸೆಟ್ ಮನೆಯಿಂದ ಕೊಟ್ಟರು. ಫೆರೈಟ್ (ಕಾಂತೀಯ ವಸ್ತು) ಬಳೆ ಇದ್ದರೆ ಇನ್ನೂ ಸಣ್ಣದಾಗಿ, ಇನ್ನೂ ಚೆನ್ನಾಗಿ ಆಗುತ್ತದೆ. ಚೋಕ್ ತೂಕ ತಡೆಯುವಂತೆ ಬೇರೆ ಹಗ್ಗ ಕಟ್ಟಿ, ಬೆಸುಗೆಯ ಮೇಲೆ ಭಾರ ಬಿಡಬೇಡಿ. ಮೌಸ್ ಎಚ್ಚರವಾಯಿತು, ರೇಡಿಯೋ ಬದುಕಿತು.

ಮೂರು ಬದಲಾವಣೆ ಒಟ್ಟಿಗೆ ಮಾಡಿದೆವು, ಯಾವುದರಿಂದ ಸರಿಹೋಯಿತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ನೀವು ಒಂದೊಂದೇ ಮಾಡಿ.

ನಿಜವಾಗಿ ಆಂಟೆನಾ ದೋಷ ಇದ್ದಾಗ

ಮರ ಹತ್ತುವ ಮೊದಲು ನೆಲದಲ್ಲೇ ಮಾಡಬಹುದಾದದ್ದು ಬಹಳ ಇದೆ. ಡೈಪೋಲಿನ ಒಟ್ಟು ಉದ್ದ ಮೀಟರಿನಲ್ಲಿ ಬೇಕಾದರೆ 143ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿ. 7.1ಕ್ಕೆ 20.1 ಮೀಟರ್, ಒಂದೊಂದು ಕೈ 10 ಚಿಲ್ಲರೆ. ಎಸ್‌ಡಬ್ಲ್ಯುಆರ್ ಅತಿ ಕಮ್ಮಿ ಆಗುವ ಜಾಗ 6.9ರಲ್ಲಿ ಸಿಕ್ಕರೆ ತಂತಿ ಉದ್ದವಾಗಿದೆ, 7.3ರಲ್ಲಿ ಸಿಕ್ಕರೆ ಗಿಡ್ಡವಾಗಿದೆ. ಎಲ್ಲೂ ಕಮ್ಮಿ ಆಗದಿದ್ದರೆ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ.

ಕೋಯಾಕ್ಸ್ ಪರೀಕ್ಷೆಗೆ ಎರಡೂ ತುದಿ ಬಿಚ್ಚಿ. ನಡುವಿನ ಪಿನ್ನಿಗೂ ಹೊರಗಿನ ಲೋಹಕ್ಕೂ ನಡುವೆ ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು. ಆ ತುದಿಯಲ್ಲಿ ಎರಡನ್ನೂ ಸೇರಿಸಿದರೆ ಈ ತುದಿಯಲ್ಲಿ ಹೆಚ್ಚುಕಮ್ಮಿ ಸೊನ್ನೆ ಓಮ್ ತೋರಿಸಬೇಕು. ಅಳೆಯುವಾಗ ಪಿಎಲ್-259 ಕನೆಕ್ಟರನ್ನು ಅಲ್ಲಾಡಿಸಿ, ಕೆಟ್ಟ ಬೆಸುಗೆ ಅಲ್ಲಾಡಿಸಿದಾಗಲೇ ಬಾಯಿ ಬಿಡುವುದು. ಆಂಟೆನಾ ಜೋಡಿಸಿಯೇ ಅಳೆಯುತ್ತೀರಾದರೆ ಮೇಲಿರುವ ಬ್ಯಾಲನ್ (balun, ಕೋಯಾಕ್ಸನ್ನು ಡೈಪೋಲಿಗೆ ಹೊಂದಿಸುವ ಭಾಗ) ಯಾವ ಬಗೆಯದು ಅಂತ ತಿಳಿದಿರಲಿ. ಕೆಲವು ಬ್ಯಾಲನ್‌ಗಳು ಮೀಟರಿಗೆ ಶಾರ್ಟ್ ಆದ ಹಾಗೇ ಕಾಣುತ್ತವೆ. ಅದು ದೋಷವಲ್ಲ.

ಗಾಳಿ ಬಂದಾಗ ಮಾತ್ರ ಎಸ್‌ಡಬ್ಲ್ಯುಆರ್ ಕುಣಿಯುತ್ತದಾ? ತಂತಿಯ ತುದಿ ನೋಡಿ. ತೆಂಗಿನ ಗರಿ ತಾಗುತ್ತಿರಬಹುದು. ಡೈಪೋಲಿನ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಹಸಿ ಗರಿ ಅಲ್ಲಿ ತಾಗಿದರೆ ಲೆಕ್ಕ ಕೆಡುತ್ತದೆ. ಮರಕ್ಕೂ ತಂತಿಗೂ ನಡುವೆ ಒಂದೆರಡು ಮೀಟರ್ ನೈಲಾನ್ ಹಗ್ಗ ಬಿಡಿ. ಹಗ್ಗ ಹಾಯಿಸಲು ಕ್ಯಾಟರ್‌ಬಿಲ್ಲು ಎತ್ತುವ ಮೊದಲು ಕರೆಂಟ್ ಲೈನ್ ಎಲ್ಲಿದೆ ಅಂತ ಕಣ್ಣಾರೆ ನೋಡಿಕೊಳ್ಳಿ. ತೋಟಗಳ ಅಂಚಿನಲ್ಲಿ 11 ಸಾವಿರ ವೋಲ್ಟಿನ ಲೈನ್ ಹಾದು ಹೋಗುವುದು ಮಾಮೂಲು. ಆಂಟೆನಾ ಕಿತ್ತು ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಗುಡುಗು ಕೇಳಿದರೆ ಕೋಯಾಕ್ಸ್ ಕಿತ್ತು ಡೇರೆಯಿಂದ ಆಚೆ ಹಾಕಿ, ಎಷ್ಟು ಸ್ಟೇಷನ್ ಸಿಕ್ಕವು ಅನ್ನುವ ಸ್ಕೋರ್ ಆಮೇಲೆ.

ಒಂದು ವಿಚಿತ್ರವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಎಸ್‌ಡಬ್ಲ್ಯುಆರ್ ತೀರಾ ಚೆನ್ನಾಗಿದ್ದರೂ ಅನುಮಾನ ಪಡಿ. 7.0ದಿಂದ 7.2ರ ತನಕ, ಅಷ್ಟೇ ಏಕೆ 14ರಲ್ಲೂ 1.2 ತೋರಿಸುವ 40 ಮೀಟರ್ ಡೈಪೋಲ್ ಇಲ್ಲ. ಹಾಗೆ ತೋರಿಸಿದರೆ ಕೇಬಲ್ ಒಳಗೆ ನೀರು ಹೋಗಿರಬಹುದು. ಪವರನ್ನು ಕೇಬಲ್ಲೇ ಕುಡಿದುಬಿಟ್ಟರೆ ಆಂಟೆನಾದಿಂದ ತಿರುಗಿ ಬರಲು ಏನೂ ಉಳಿಯುವುದಿಲ್ಲ, ಮೀಟರ್ ಅದನ್ನೇ ಒಳ್ಳೆಯದು ಅಂದುಕೊಳ್ಳುತ್ತದೆ. ಇಲ್ಲವಾದರೆ ಇನ್ನೊಂದು ಕಾರಣ ಇದೆ. ಹೇಳಲು ನಾಚಿಕೆ. ಪರೀಕ್ಷೆಗೆ ಹಾಕಿದ ಡಮ್ಮಿ ಲೋಡ್ ತೆಗೆಯಲು ಮರೆತು ಮುಕ್ಕಾಲು ಗಂಟೆ "ಸಿಕ್ಯೂ" ಕೂಗಿದವರು ನಮ್ಮಲ್ಲಿ ಇದ್ದಾರೆ. ಎಸ್‌ಡಬ್ಲ್ಯುಆರ್ 1.0 ಇತ್ತಂತೆ.

ಕೇಳಿಸುವ ದೋಷಗಳು, ಚುಟುಕಾಗಿ

ಗುಂಯ್ ಅನ್ನುವ ಗದ್ದಲ ಜಾಸ್ತಿಯಾದರೆ ರೇಡಿಯೋ ಒಂದನ್ನು ಬಿಟ್ಟು ಉಳಿದೆಲ್ಲ ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಸೋಲಾರ್ ಚಾರ್ಜ್ ಕಂಟ್ರೋಲರ್, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಎಲ್‌ಇಡಿ ದೀಪ ಇವೆಲ್ಲ ಹಳೇ ಕಳ್ಳರು. ಹಳೇ ಟ್ರಾನ್ಸಿಸ್ಟರ್ ರೇಡಿಯೋ ಒಂದನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಕೈಯಲ್ಲಿ ಹಿಡಿದು ನಡೆದರೆ ಕಳ್ಳನ ಹತ್ತಿರ ಹೋದಂತೆ ಗದ್ದಲ ಏರುತ್ತದೆ. ನಮಗೆ ಸಿಕ್ಕಿದ್ದು ಊಟದ ಶಾಮಿಯಾನದ ಎಲ್‌ಇಡಿ ಟ್ಯೂಬ್‌ಲೈಟ್. ಪುಳಿಯೋಗರೆ ಬಡಿಸುತ್ತಿದ್ದ ಹೊತ್ತು. ದೀಪ ಆರಿಸಿ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಊಟ ಮುಗಿಯುವ ತನಕ ಗದ್ದಲದಲ್ಲೇ ಕೂತೆವು. ಎಲ್ಲ ಆರಿಸಿದರೂ ಸೆಕೆಂಡಿಗೆ 100 ಸಲ ಮಿಡಿಯುವ ಒರಟು ಗುರ್ ಉಳಿದರೆ ಅದು ಕರೆಂಟ್ ಲೈನಿನದು. ಲೈನ್ 50 ಹರ್ಟ್ಜ್, ಏರಿಳಿತದ ಎರಡೂ ತುದಿಯಲ್ಲಿ ಕಿಡಿ ಹಾರುವುದರಿಂದ ಲೆಕ್ಕ ಎರಡು ಪಟ್ಟು. ನೀವು ಮಾಡಬಹುದಾದದ್ದು ಆಂಟೆನಾ ದೂರ ಸರಿಸುವುದು.

20 ಮೀಟರಿನವರಿಗೆ ಆಗಾಗ ನಿಮ್ಮದೇ ಕ್ಲಬ್ಬಿನ ದನಿ ಕೇಳಿಸಿದರೆ ಗಾಬರಿ ಬೇಡ. 40 ಮೀಟರಿನವರು 7.1ರಲ್ಲಿದ್ದರೆ ಅದರ ಎರಡು ಪಟ್ಟು 14.2, ಸರಿಯಾಗಿ 20 ಮೀಟರ್ ಬ್ಯಾಂಡಿನ ನಡುಮನೆ. ಮೂರು ಪಟ್ಟು 21.3, ಅಲ್ಲಿ 15 ಮೀಟರಿನವರು ಕೂತಿರುತ್ತಾರೆ. ಬ್ಯಾಂಡ್‌ಪಾಸ್ ಫಿಲ್ಟರ್ (ಒಂದು ಬ್ಯಾಂಡನ್ನು ಮಾತ್ರ ಒಳಗೆ ಬಿಡುವ ಜರಡಿ) ಇದ್ದರೆ ಹಾಕಿ. ಇಲ್ಲದಿದ್ದರೆ ಯಾರಾದರೂ ಒಬ್ಬರು ಕೆಲವು ಕಿಲೋಹರ್ಟ್ಜ್ ಸರಿಯಿರಿ. ಎರಡು ಡೈಪೋಲ್‌ಗಳನ್ನು ಅಕ್ಕಪಕ್ಕ ಕಟ್ಟದೆ ತುದಿಗೆ ತುದಿ ಬರುವ ಹಾಗೆ ಕಟ್ಟಿ.

ನೀವು ಕರೆದರೆ ಯಾರೂ ಉತ್ತರಿಸುವುದಿಲ್ಲವೇ? ಕೇಳುವ ಮತ್ತು ಕಳಿಸುವ ಫ್ರೀಕ್ವೆನ್ಸಿಯನ್ನು ಬೇರೆ ಬೇರೆ ಮಾಡುವ ಸ್ಪ್ಲಿಟ್ ಅಥವಾ ಆರ್‌ಐಟಿ ಗುಂಡಿ ಆನ್ ಆಗಿದೆಯಾ ನೋಡಿ. ನಡುರಾತ್ರಿ ನಿದ್ದೆಗಣ್ಣಲ್ಲಿ ಕೈ ತಾಗಿರುತ್ತದೆ. 7.25ರಲ್ಲಿ ಅಮೆರಿಕದವರು ಜೋರಾಗಿ ಕೇಳಿಸುತ್ತಿದ್ದರೂ ಅಲ್ಲಿ ಉತ್ತರಿಸುವ ಹಾಗಿಲ್ಲ, ನಮ್ಮ ಬ್ಯಾಂಡ್ 7.2ಕ್ಕೆ ಮುಗಿಯುತ್ತದೆ. ಅದು ದೋಷವಲ್ಲ, ನಿಯಮ.

ಗಂಟು ಕಟ್ಟುವಾಗ

ಈ ವರ್ಷ ತಯಾರಿಗೆ ಅಂತ ಕ್ಲಬ್ಬಿನ ಕಬ್ಬಿಣದ ಪೆಟ್ಟಿಗೆ ತೆಗೆದೆವು. ಮೇಲೇ ಕೂತಿತ್ತು ಆ ಕಪ್ಪಗಾದ ಫ್ಯೂಸ್ ಹೋಲ್ಡರ್, ವೈರು ಸಮೇತ, ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಯಾರೋ ಬೀಪ್ ಪರೀಕ್ಷೆ ಮಾಡಿ "ಚೆನ್ನಾಗಿದೆ" ಅಂತ ವಾಪಸ್ ಇಟ್ಟಿದ್ದರು. ಹಾಗಾಗಿ ಕೆಟ್ಟದ್ದು ಸಿಕ್ಕ ಕೂಡಲೇ ಅಲ್ಲೇ ಕಟಿಂಗ್ ಪ್ಲೇಯರ್ ತೆಗೆದು ಎರಡೂ ತುದಿ ಕತ್ತರಿಸಿಬಿಡಿ. ಚೀಟಿ ಅಂಟಿಸಿದರೆ ಉದುರುತ್ತದೆ. ನಾನು ಈ ಸಲ ಕತ್ತರಿಸಿದೆ. ವೈರಿನ ತಾಮ್ರ ಗುಜರಿಗೆ ಹೋಯಿತು, ಹೋಲ್ಡರನ್ನು ಹೊಸ ಹುಡುಗರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.